ಸೆಕ್ಷನ್ ಬಾಯಿಪಾಠ ಆಮೇಲಿರಲಿ, ಮೊದಲು ಚೆಕ್ಕುಬಂದಿ ಓದಲು ಕಲಿಸಿ

ಪರೀಕ್ಷೆ ಹತ್ತಿರ ಬಂತು ಅಂದರೆ ಕಾನೂನು ಓದುವ ಮಕ್ಕಳ ಕೈಗೆ ಗೈಡ್ ಬರುತ್ತದೆ. ಸೆಕ್ಷನ್ ನಂಬರ್, ವ್ಯಾಖ್ಯೆ, ಎರಡು ಕೇಸಿನ ಹೆಸರು. ಅಷ್ಟನ್ನು ಉರು ಹೊಡೆದು ಮೂರು ಗಂಟೆ ಬರೆದರೆ ಪಾಸು. ಆಮೇಲೆ ಅದೇ ಮಕ್ಕಳು ಕರಿ ಕೋಟು ಹಾಕಿಕೊಂಡು ಸಾಗರ, ಹೊಸನಗರ, ತೀರ್ಥಹಳ್ಳಿ ಕೋರ್ಟಿಗೆ ಬರುತ್ತಾರೆ. ಕಕ್ಷಿದಾರರು ಒಂದು ಪಹಣಿ, ಅಂದರೆ ಜಮೀನಿನ ದಾಖಲೆ, ಕೈಗಿಟ್ಟರೆ ಕಣ್ಣು ಎಲ್ಲಿ ಹಾಯಿಸಬೇಕು ಅಂತ ತಿಳಿಯುವುದಿಲ್ಲ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ನೇ ಕಾಲಂನಲ್ಲಿ ಸಾಲ ಕೂತಿದೆಯಾ, ಮ್ಯುಟೇಶನ್ (ಹಕ್ಕು ಬದಲಾವಣೆ) ಯಾವ ಆಧಾರದ ಮೇಲೆ ಆಯಿತು, ಚೆಕ್ಕುಬಂದಿ ಅಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿ ಯಾವುದು ಅಂತ ಯಾರೂ ಅವರಿಗೆ ಕಾಗದ ಮುಂದಿಟ್ಟು ತೋರಿಸಿರುವುದಿಲ್ಲ.

ಶಿವಮೊಗ್ಗದಲ್ಲಿ ವಕೀಲಿಕೆ ಮಾಡುತ್ತಾ ಆಗಾಗ ತರಗತಿಗೂ ಹೋಗುವವನಾಗಿ ನನಗೆ ಇದು ನಿಜಕ್ಕೂ ಸಂಕಟದ ವಿಷಯ. ಈ ಮಕ್ಕಳಲ್ಲಿ ಬುದ್ಧಿಗೆ ಏನೂ ಕಮ್ಮಿ ಇಲ್ಲ. ಹೆಚ್ಚಿನವರು ಹಳ್ಳಿಯಿಂದ ಬಂದವರು. ಜಮೀನಿನ ಜಗಳ, ಪಾಲಿನ ಜಗಳ, ಅರಣ್ಯ ಇಲಾಖೆಯ ನೋಟಿಸ್ ಎಲ್ಲವನ್ನೂ ಮನೆಯಲ್ಲೇ ಕಂಡವರು. ಅವರಿಗೆ ಗೊತ್ತಿರುವ ಬದುಕಿಗೂ ಪುಸ್ತಕದ ಕಾನೂನಿಗೂ ನಡುವೆ ಒಂದು ಸಂಕ ಹಾಕಿಕೊಡುವವರು ಬೇಕು, ಅಷ್ಟೇ.

ಒಂದು ಉದಾಹರಣೆ ಹೇಳುತ್ತೇನೆ. ಈಸ್‌ಮೆಂಟ್ ಪಾಠ, ಅಂದರೆ ಇನ್ನೊಬ್ಬರ ಜಾಗದಲ್ಲಿ ದಾರಿಯಂಥದ್ದನ್ನು ಬಳಸುವ ಹಕ್ಕು. ಮಾಮೂಲಿಯಾಗಿ ವ್ಯಾಖ್ಯೆ ಬರೆಸಿ, ವಿಧಗಳನ್ನು ಹೇಳಿ ಮುಗಿಸುತ್ತಾರೆ. ನಾನು ಬೋರ್ಡಿನ ಮೇಲೆ ಎರಡು ಅಡಿಕೆ ತೋಟ ಬರೆದೆ. ಹಿಂದಿನ ತೋಟಕ್ಕೆ ಹೋಗಲು ಮುಂದಿನ ತೋಟದ ಅಂಚಿನಲ್ಲಿ ಒಂದು ಕಾಲುದಾರಿ. ಮುಂದಿನವರು ಈಗ ಬೇಲಿ ಹಾಕಿ ಗೇಟಿಗೆ ಬೀಗ ಜಡಿದಿದ್ದಾರೆ. ಹಿಂದಿನವರು ನಿಮ್ಮ ಆಫೀಸಿಗೆ ಬಂದು ಕೂತಿದ್ದಾರೆ, ಏನು ಕೇಳ್ತೀರಿ?

ಮೊದಲು ತರಗತಿ ಸುಮ್ಮನಿತ್ತು. ಒಬ್ಬ ಎದ್ದು ವ್ಯಾಖ್ಯೆ ಒಪ್ಪಿಸಿದ. ಸರಿಯಾಗಿಯೇ ಒಪ್ಪಿಸಿದ. ಆಮೇಲೆ ಹಿಂದಿನ ಬೆಂಚಿನ ಒಬ್ಬಳು, ತೋಟದ ಮನೆಯ ಹುಡುಗಿ, ಕೇಳಿದಳು: ‘ಸರ್, ಇಷ್ಟು ದಿನ ಅವ್ರನ್ನ ಕೇಳಿ ಓಡಾಡ್ತಿದ್ರಾ, ಕೇಳ್ದೇನಾ?’

ಇಡೀ ಕೇಸ್ ನಿಂತಿರುವುದೇ ಅದರ ಮೇಲೆ. ಇಪ್ಪತ್ತು ವರ್ಷ ಎಲ್ಲರಿಗೂ ಕಾಣುವ ಹಾಗೆ, ತಂಟೆ ತಕರಾರಿಲ್ಲದೆ, ನಡುವೆ ನಿಲ್ಲದೆ, ಇದು ನನ್ನ ಹಕ್ಕು ಅಂತ ಓಡಾಡಿದ್ದರೆ ದಾರಿಯ ಹಕ್ಕು ಹುಟ್ಟುತ್ತದೆ. ‘ಸ್ವಲ್ಪ ಹೋಗ್ತೀನಿ ಮಾರಾಯ್ರೇ’ ಅಂತ ಅಪ್ಪಣೆ ಪಡೆದು ಓಡಾಡಿದ್ದರೆ ನಲವತ್ತು ವರ್ಷವಾದರೂ ಆ ಹಕ್ಕು ಹುಟ್ಟುವುದಿಲ್ಲ. ನಮ್ಮ ಕಡೆ ಅಕ್ಕಪಕ್ಕದವರು ಹೇಗೆ ಬದುಕುತ್ತಾರೆ ಅಂತ ಬಲ್ಲವರಿಗೆ ಮಾತ್ರ ಈ ಪ್ರಶ್ನೆ ಹೊಳೆಯುತ್ತದೆ. ಅದು ಹೊಳೆದ ಮೇಲೆ ಉಳಿದವರೂ ಬಾಯಿ ಬಿಟ್ಟರು. ಎರಡೂ ತೋಟ ಹಿಂದೆ ಒಂದೇ ಮನೆಯದಾ? ಪಾಲಾಗುವಾಗ ದಾರಿ ಬಗ್ಗೆ ಏನಾದರೂ ಬರೆದಿದ್ದಾರಾ? ಬೇರೆ ದಾರಿ ಇದೆಯಾ? ಒಂದೇ ಆಸ್ತಿ ಪಾಲಾಗಿ, ಹಿಂದಿನ ತುಂಡಿಗೆ ಬೇರೆ ದಾರಿಯೇ ಇಲ್ಲದಿದ್ದರೆ ಇಪ್ಪತ್ತು ವರ್ಷದ ಲೆಕ್ಕ ಬೇಡ, ಅದು ಅವಶ್ಯಕತೆಯ ದಾರಿ. ಇನ್ನೊಂದು ದಾರಿ ಇದ್ದು, ಅದು ಸುತ್ತಾಗುತ್ತದೆ ಅನ್ನುವುದಷ್ಟೇ ತಕರಾರಾದರೆ ಈ ವಾದ ನಿಲ್ಲುವುದಿಲ್ಲ.

ಗೇಟ್ ಯಾವಾಗ ಹಾಕಿದರು ಅನ್ನುವುದೂ ಮುಖ್ಯ. ಇಪ್ಪತ್ತು ವರ್ಷದ ಓಡಾಟ ನಿಂತ ಮೇಲೆ ಎರಡು ವರ್ಷದೊಳಗೆ ದಾವೆ ಹಾಕಬೇಕು. ಊರ ಪಂಚಾಯಿತಿಯಲ್ಲಿ ಬಗೆಹರಿಯುತ್ತದೆ ಅಂತ ಮೂರು ವರ್ಷ ಕಾದು ಕೋರ್ಟಿಗೆ ಬಂದವರ ಕೈಯಿಂದ ಈ ಹಕ್ಕು ಜಾರಿರುತ್ತದೆ. ಗೈಡಿನಲ್ಲಿ ಇದು ಒಂದು ಸಾಲು. ಆ ಕಕ್ಷಿದಾರರಿಗೆ ಇದು ತೋಟ.

ಅಲ್ಲಿಂದ ತಡೆಯಾಜ್ಞೆಗೆ ಬಂದೆವು. ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶ. ಮೇಲ್ನೋಟಕ್ಕೆ ಕೇಸ್ ಇರಬೇಕು, ಅನುಕೂಲದ ತೂಕ ನಮ್ಮ ಕಡೆ ಇರಬೇಕು, ತುಂಬಲಾರದ ನಷ್ಟ ಆಗುವಂತಿರಬೇಕು. ಈ ಮೂರನ್ನು ಎಲ್ಲರೂ ಒಪ್ಪಿಸುತ್ತಾರೆ. ತುಂಬಲಾರದ ನಷ್ಟ ಅಂದರೆ ಇಲ್ಲಿ ಏನು ಅಂತ ಕೇಳಿದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಬೋರ್ಡೋ ಔಷಧಿ ಹೊಡೆಯುವವರು ತೋಟಕ್ಕೆ ಇಳಿಯಲು ಆಗದಿದ್ದರೆ ಕೊಳೆ ರೋಗ ಬಂದು ಫಸಲು ಹೋಗುತ್ತದೆ. ಸುಗ್ಗಿಯಲ್ಲಿ ಅಡಿಕೆ ಗೊನೆ ಕೊಯ್ಯುವ ಕೊನೆಗೌಡರು ಬರಲು ಆಗದಿದ್ದರೆ ಹಣ್ಣಾಗಿ ಉದುರುತ್ತದೆ. ಇದನ್ನು ಪ್ರಮಾಣಪತ್ರದಲ್ಲಿ (ಅಫಿಡವಿಟ್) ನಾಲ್ಕು ಸಾಲಿನಲ್ಲಿ ಬರೆಯಿರಿ ಅಂದೆ. ಬರೆದರು! ಕೊನೆಗೆ ಚೆಕ್ಕುಬಂದಿ ಬರೆಯಲು ಹೇಳಿದೆ. ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು, ಉತ್ತರ, ದಕ್ಷಿಣ. ಅಲ್ಲಿ ಅರ್ಧ ತರಗತಿ ತಡವರಿಸಿತು. ಚೆಕ್ಕುಬಂದಿ ತಪ್ಪಿದರೆ ಡಿಕ್ರಿ ಕೈಗೆ ಬಂದರೂ ಜಾರಿ ಮಾಡಿಸುವಾಗ ಒದ್ದಾಡಬೇಕು ಅಂತ ಆಗ ತಿಳಿಯಿತು.

ಕ್ರಿಮಿನಲ್ ಕಡೆಯೂ ಇಷ್ಟೇ. 2024ರ ಜುಲೈ 1ರಂದು 1860ರ ಭಾರತೀಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. 511 ಸೆಕ್ಷನ್ ಇದ್ದದ್ದು 358 ಆಯಿತು. ಕೊಲೆಯ ಶಿಕ್ಷೆಗೆ 302 ಅಂತ ಉರು ಹೊಡೆದವರು 103 ಅಂತ ಕಲಿಯಬೇಕಾಯಿತು. 420 ಈಗ 318ರ 4ನೇ ಉಪಸೆಕ್ಷನ್. ಆದರೆ ವಂಚನೆ ಅಂದರೇನು ಅನ್ನುವುದು ಬದಲಾಗಲಿಲ್ಲ. ವ್ಯಾಪಾರಿ ಅಡಿಕೆ ಒಯ್ದು ದುಡ್ಡು ಕೊಡಲಿಲ್ಲ. ಅದು ವಂಚನೆಯಾ, ಬರೀ ಬಾಕಿಯಾ? ಕೊಡಬಾರದು ಅಂತ ಶುರುವಿನಲ್ಲೇ ಮನಸ್ಸಿನಲ್ಲಿತ್ತಾ, ಇಲ್ಲ ಆಮೇಲೆ ಕೈ ಸೋತಿತಾ? ಇದನ್ನು ಅರ್ಥ ಮಾಡಿಕೊಂಡವರಿಗೆ ನಂಬರ್ ಬದಲಾದದ್ದು ಒಂದು ವಾರದ ಕೆಲಸ.

ನೆನಪೇ ಬೇಡ ಅಂತ ನಾನು ಹೇಳುತ್ತಿಲ್ಲ. ಕಾಲಮಿತಿ ನೆನಪಿರಬೇಕು, ಮೂಲ ವ್ಯಾಖ್ಯೆಗಳು ನಾಲಿಗೆ ಮೇಲಿರಬೇಕು. ಆದರೆ ಯೋಚನೆ ಮಾಡಿ, ಕೋರ್ಟಿನಲ್ಲಿ ಪುಸ್ತಕ ತೆರೆದೇ ವಾದ ಮಾಡುತ್ತೇವೆ. ವಕೀಲಿಕೆ ಮಾಡಲು ಪಾಸಾಗಬೇಕಾದ ಅಖಿಲ ಭಾರತ ಬಾರ್ ಪರೀಕ್ಷೆಗೇ ಟಿಪ್ಪಣಿ ಇಲ್ಲದ ಬೇರ್ ಆಕ್ಟ್, ಅಂದರೆ ಕಾಯ್ದೆಯ ಮೂಲ ಪಠ್ಯ ಮಾತ್ರ ಇರುವ ಪುಸ್ತಕ, ಒಯ್ಯಬಹುದು. ಕಾಲೇಜಿನ ಪರೀಕ್ಷೆಗೆ ಮಾತ್ರ ಯಾಕೆ ಬೇಡ? ಮೇಜಿನ ಮೇಲೆ ಬೇರ್ ಆಕ್ಟ್ ಇರಲಿ. ಪ್ರಶ್ನೆಯಲ್ಲಿ ಒಂದು ಪಹಣಿ, ಒಂದು ಪಾಲುಪಟ್ಟಿ, ಒಂದು ನೋಟಿಸ್ ಕೊಡಿ.

ನಿಯಮದಲ್ಲಿ ಇದಕ್ಕೆ ದಾರಿ ಇಲ್ಲ ಅಂತಲ್ಲ. ದಾವೆ ಬರೆಯುವುದು, ಅಣಕು ನ್ಯಾಯಾಲಯ, ರಾಜಿ ಸಂಧಾನ ಇವೆಲ್ಲ ಬಾರ್ ಕೌನ್ಸಿಲ್‌ನ 2008ರ ನಿಯಮಗಳಲ್ಲೇ ಕಡ್ಡಾಯ ಪೇಪರ್‌ಗಳು. ಎಷ್ಟೋ ಕಡೆ ಅದು ಸೀನಿಯರ್‌ಗಳ ರೆಕಾರ್ಡ್ ನಕಲು ಮಾಡುವ ಕೆಲಸವಾಗಿಬಿಟ್ಟಿದೆ, ಅದೇ ಬೇಜಾರು.

1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಮಾಡಿದ ಜಿಲ್ಲೆ ಇದು. ಭೂಸುಧಾರಣೆ ಕಾಯ್ದೆ ಓದುವ ಇಲ್ಲಿನ ಮಕ್ಕಳು ಗೇಣಿದಾರರು ಜಮೀನಿನ ಹಕ್ಕು ಕೇಳಿ ಭೂ ನ್ಯಾಯಮಂಡಳಿಗೆ ಕೊಟ್ಟ ಅರ್ಜಿ, ಫಾರಂ ನಂಬರ್ 7, ಹೇಗಿತ್ತು ಅಂತ ಒಮ್ಮೆಯೂ ನೋಡದೆ ಪದವಿ ಮುಗಿಸಬಾರದು. ಎಷ್ಟೋ ಮನೆಗಳಲ್ಲಿ ಆ ಕಾಲದ ಕಾಗದಗಳು ಇನ್ನೂ ಟ್ರಂಕಿನಲ್ಲಿವೆ.

ಹಾಗಾಗಿ ಜಿಲ್ಲೆಯ ವಕೀಲ ಮಿತ್ರರಲ್ಲಿ ಒಂದು ಕೋರಿಕೆ. ಪೂರ್ತಿ ಮುಗಿದುಹೋದ ಹಳೇ ಕೇಸುಗಳ ಕಡತ ನಿಮ್ಮ ಬೀರುವಿನಲ್ಲಿ ಇರುತ್ತವೆ ಅಲ್ವಾ? ಕಕ್ಷಿದಾರರನ್ನು ಕೇಳಿ, ಒಪ್ಪಿದರೆ, ಹೆಸರು, ಊರು, ಸರ್ವೆ ನಂಬರ್ ಅಳಿಸಿ ಜೆರಾಕ್ಸ್ ಮಾಡಿಕೊಡಿ. ದಾವೆ, ಪ್ರತಿವಾದ, ಸಾಕ್ಷಿ ಹೇಳಿಕೆ, ತೀರ್ಪು ಒಟ್ಟಿಗೆ ಇದ್ದರೆ ಜಾಸ್ತಿ ಒಳ್ಳೆಯದು. ದಾರಿ, ನೀರು, ಪಾಲು, ಬಗರ್‌ಹುಕುಂ, ಜೀವನಾಂಶ ಯಾವುದಾದರೂ ಸರಿ. ಜೆರಾಕ್ಸ್ ಖರ್ಚು ನನ್ನದು. ಕೊಡುವವರು ಇನ್‌ಬಾಕ್ಸ್‌ಗೆ ಒಂದು ಮೆಸೇಜ್ ಹಾಕಿ, ನಾನೇ ಬಂದು ತಗೊಂಡು ಹೋಗುತ್ತೇನೆ.