ಪಾಲಿಶ್ ಯಾವಾಗ ಹೊಡೀತೀರಿ?

ಮುನಿರಾಬಾದ್ ಕಡೆಯ ತುಂಗಭದ್ರಾ ಹಿನ್ನೀರಿನ ದಂಡೆಯಲ್ಲಿ, ಟ್ರೇಲರ್ ಮೇಲೆ ನಿಂತ ಹದಿನೆಂಟು ಅಡಿಯ ಮೋಟಾರು ಬೋಟಿಗೆ ಸಾಗವಾನಿ ಹಾಸುವ ಕೆಲಸ ನಡೆದಿದ್ದರೆ, ಎಮ್ಮೆ ಹೊಡೆದುಕೊಂಡು ಹೋಗುವವರಿಂದ ಹಿಡಿದು ಕಾರು ನಿಲ್ಲಿಸಿ ಸೆಲ್ಫಿ ತೆಗೆಯುವವರ ತನಕ ಎಲ್ಲರೂ ಬೆರಳ ಗೆಣ್ಣಿನಿಂದ ಹಲಗೆ ಕುಟ್ಟಿ ನೋಡುತ್ತಾರೆ. ಕುಟ್ಟಿದ ಮೇಲೆ ಒಂದೇ ಪ್ರಶ್ನೆ: "ಸಾಗವಾನೀನ ಹೌದಲ್ರೀ? ಪಾಲಿಶ್ ಯಾವಾಗ ಹೊಡೀತೀರಿ?"

ಹೊಡೆಯುವುದಿಲ್ಲ ಅಂದರೆ ಯಾರೂ ನಂಬುವುದಿಲ್ಲ. ರೊಕ್ಕ ತೀರಿರಬೇಕು ಪಾಪ ಅಂದುಕೊಂಡು ಹೋಗುತ್ತಾರೆ.

ತಪ್ಪು ಅವರದಲ್ಲ, ಮುಂಬಾಗಿಲಿನದು. ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯಲ್ಲಿ ಸಾಗವಾನಿಗೆ ಇರುವುದು ಅದೊಂದೇ ಗದ್ದುಗೆ. ಒಳಗೆಲ್ಲ ಬೇವು, ಈಚೆಗೆ ಫ್ಲಶ್ ಡೋರು. ಬೀದಿಗೆ ಕಾಣುವುದು ಮಾತ್ರ ಸಾಗವಾನಿ. ಅದರ ಮೇಲೊಬ್ಬ ಗಣಪ, ಎರಡು ಕಡೆ ಕಳಶ, ಜಾಗ ಉಳಿದರೆ ನವಿಲು. ಗೃಹಪ್ರವೇಶಕ್ಕೆ ಬಂದವರು ದೇವರ ಕೋಣೆಗೂ ಮೊದಲು ಬಾಗಿಲಿನ ಮೇಲೆ ಕೈಯಾಡಿಸುತ್ತಾರೆ. ಮುಖಕ್ಕೆ ನಾಲ್ಕು ಕೈ ಪಾಲಿಶ್ ಆಗಿರುತ್ತದೆ. ಬಾಗಿಲಿನ ನೆತ್ತಿಗೂ ಅಂಗಾಲಿಗೂ ಒಂದು ಕೈಯೂ ಇಲ್ಲ, ಯಾಕೆಂದರೆ ಅವು ಕಾಣುವುದಿಲ್ಲ. ಕಟ್ಟಿಗೆ ನೀರು ಕುಡಿಯುವುದೇ ಆ ಕೊಯ್ದ ತುದಿಗಳಿಂದ. ಶ್ರಾವಣ ಬಂತೋ, ಬಾಗಿಲು ಉಬ್ಬಿ ಚೌಕಟ್ಟು ಕಚ್ಚುತ್ತದೆ. ಮನೆಯ ಯಜಮಾನರು ಹೆಗಲು ಕೊಟ್ಟು ತಮ್ಮದೇ ಮನೆಗೆ ಕಳ್ಳರ ಹಾಗೆ ನುಗ್ಗುತ್ತಾರೆ. ಬಡಿಗೇರನ್ನು ಕರೆಸಿ ರಂದಾ ಹೊಡೆಸುತ್ತಾರೆ. ಯುಗಾದಿ ಹೊತ್ತಿಗೆ ಅದೇ ಬಾಗಿಲು ಒಣಗಿ, ಸಂದಿಯಲ್ಲಿ ಹಲ್ಲಿ ಸಂಸಾರ ಸಮೇತ ಓಡಾಡುತ್ತದೆ. ಆಗ ಬೈಸಿಕೊಳ್ಳುವುದು ಬಡಿಗೇರ. ಮುಂದಿನ ಶ್ರಾವಣಕ್ಕೆ ಇನ್ನೊಬ್ಬ ಬಡಿಗೇರ. ನೆತ್ತಿಗೆ ಒಂದು ಕೈ ಬಣ್ಣ ಬಳಿದಿದ್ದರೆ ಅರ್ಧ ಜಗಳ ತಪ್ಪುತ್ತಿತ್ತು, ಆದರೆ ಕಾಣದ ಜಾಗಕ್ಕೆ ರೊಕ್ಕ ಯಾರು ಹಾಕುತ್ತಾರೆ?

ಬಾಗಿಲಿಗಾದರೆ ಉಬ್ಬಲು ಸಂದಿ ಇದೆ, ಉಬ್ಬು ಹೆಚ್ಚಾದರೆ ರಂದಾ ಇದೆ. ಬೋಟಿನ ನೆಲಕ್ಕೆ ಸುತ್ತ ಫೈಬರ್ ಗೋಡೆ, ಕೆಳಗೆ ಅಂಟು. ಇರುವ ದಾರಿ ಒಂದೇ, ಹಲಗೆ ಹಲಗೆಗಳ ನಡುವಿನ ಕಪ್ಪು ಗೆರೆ. ನೋಡುವವರು ಅದನ್ನು ಅಲಂಕಾರ ಅಂದುಕೊಳ್ಳುತ್ತಾರೆ. "ಗೆರಿ ಛಲೋ ಎಳ್ದೀರಿ" ಅಂತ ಶಹಬ್ಬಾಸ್‌ಗಿರಿಯೂ ಸಿಗುತ್ತದೆ.

50 ಮಿ.ಮೀ. ಅಗಲ, 8 ಮಿ.ಮೀ. ದಪ್ಪದ ಹಲಗೆ. ಒಂದು ಅಂಚಿನಲ್ಲಿ 5 ಮಿ.ಮೀ. ಅಗಲ, 5 ಮಿ.ಮೀ. ಆಳದ ಮೆಟ್ಟಿಲು ಕೊರೆದು ಪಕ್ಕದ ಹಲಗೆಗೆ ಒತ್ತಿಟ್ಟರೆ ಗೆರೆಗೆ ಕಾಲುವೆ ಸಿದ್ಧ. ಬೇಸಿಗೆಯ ಒಣ ಹವೆಯಿಂದ ಮಳೆಗಾಲಕ್ಕೆ ಕಟ್ಟಿಗೆಯ ತೇವ ಶೇಕಡಾ 6ರಷ್ಟು ಏರಿದರೆ, ನೆಟ್ಟಗಿನ ಎಳೆಯ ಹಲಗೆ ಕಾಲು ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಕಮಾನು ಕಮಾನಾಗಿ ಗುಡ್ಡದ ಚಿತ್ತಾರವಿರುವ ಹಲಗೆ ಹೆಚ್ಚುಕಡಿಮೆ ಅರ್ಧ ಮಿಲಿಮೀಟರು. ಇಷ್ಟೇನಾ ಅನ್ನಬೇಡಿ. 1.8 ಮೀಟರ್ ಅಗಲದ ಬೋಟಿನಲ್ಲಿ ಅಂಥ 36 ಹಲಗೆ ಕೂಡುತ್ತವೆ. ಸಾಮಿಲ್‌ನಲ್ಲಿ ನೆಟ್ಟಗಿನ ಗೆರೆಯದ್ದು ಕೇಳಿದರೆ "ಡಿಸೈನ್ ಇರೂದನ್ನ ಒಯ್ರಿ" ಅಂತ ಗುಡ್ಡದ್ದನ್ನೇ ಮುಂದೆ ತಳ್ಳುತ್ತಾರೆ. ಮತ್ತೆ ಅದೇ ಮುಂಬಾಗಿಲು.

ಲೆಕ್ಕ ಇಲ್ಲೇ ಮುಗಿಸೋಣ. ನೆಲ 4.5 ಚದರ ಮೀಟರ್. ಗೆರೆ ಸೇರಿ 50 ಮಿ.ಮೀ.ಗೆ ಒಂದು ಹಲಗೆ. ಒಟ್ಟು 90 ಮೀಟರ್ ಪಟ್ಟಿ. ಗಂಟು, ತಿರುವು, ತಪ್ಪು ಕೊಯ್ತಕ್ಕೆ ಇನ್ನೊಂದು 20 ಮೀಟರ್. ಗೆರೆಗೆ ತುಂಬುವ ರಬ್ಬರಿನಂಥ ಕಪ್ಪು ಮಸಾಲೆ ಮೀಟರಿಗೆ 25 ಮಿ.ಲೀ. ಹಿಡಿಯುತ್ತದೆ, ಹಾಗಾಗಿ 300 ಮಿ.ಲೀ.ನ ಟ್ಯೂಬು ಒಂದಕ್ಕೆ 12 ಮೀಟರ್. ಕಾಗದದ ಮೇಲೆ ಏಳೂವರೆ ಟ್ಯೂಬು, ತರಬೇಕಾದ್ದು ಹತ್ತು. ಹಾರ್ಡ್‌ವೇರ್ ಅಂಗಡಿಯವರು ಕೊಡುವ ಬಚ್ಚಲುಮನೆಯ ಕಪ್ಪು ಸಿಲಿಕಾನ್ ತಂದರೆ ಅದು ಸಾಗವಾನಿಯ ಎಣ್ಣೆಯ ಮೇಲೆ ನಿಲ್ಲುವುದಿಲ್ಲ, ಸ್ಯಾಂಡ್ ಪೇಪರಿಗೆ ಬಗ್ಗುವುದೂ ಇಲ್ಲ. ಡೆಕ್ಕಿಗೆ, ಅಂದರೆ ಬೋಟಿನ ನೆಲಕ್ಕೆಂದೇ ಮಾಡಿದ ಪಾಲಿಯುರೆಥೇನ್ ಬೇಕು.

ಅದನ್ನು ತುಂಬುವ ಮೊದಲು ಕಾಲುವೆಯ ತಳಕ್ಕೆ ಒಂದು ತೆಳು ಟೇಪು. ಈ ಟೇಪಿನ ಮೇಲೆಯೇ ಎಲ್ಲರ ಅಸಡ್ಡೆ. ಕೆಳಗೆ ಟೇಪು, ಮೇಲೆ ಮಸಾಲೆ, ಅಂಟು ಹಿಡಿಯಬೇಕಾದಲ್ಲಿ ಟೇಪು ಯಾಕೆ? ಹಿಡಿಯಬಾರದು ಅಂತಲೇ! ಎಡ ಬಲ ಮಾತ್ರ ಹಿಡಿದಿದ್ದರೆ ರಬ್ಬರಿನ ಹಾಗೆ ಹಿಗ್ಗಿ ಕುಗ್ಗುತ್ತದೆ. ತಳವನ್ನೂ ಹಿಡಿಯಿತೋ, ಮೂರು ಕಡೆಯ ಜಗ್ಗಾಟದಲ್ಲಿ ಯಾವುದೋ ಒಂದು ಅಂಚಿನಲ್ಲಿ ಕಿತ್ತು ಬರುತ್ತದೆ. ಕೂದಲೆಳೆಯಷ್ಟು ಬಿರುಕು ಸಾಕು, ನೀರು ಕೆಳಗಿಳಿಯುತ್ತದೆ. ಒಂದು ವರ್ಷದ ಮೇಲೆ ಹಲಗೆ ಮೆಟ್ಟಿದರೆ ಪಿಚಕ್ ಅನ್ನುತ್ತದೆ.

ಹಲಗೆಯ ಬೆನ್ನನ್ನು ಅಸಿಟೋನಿನಿಂದ ಒರೆಸಿ, ಎಣ್ಣೆ ಮತ್ತೆ ಜಿನುಗುವ ಮೊದಲೇ ಅಂಟಿಸಬೇಕು. ಅಂಟನ್ನು ಹಲ್ಲಿನ ಕರಣಿಯಿಂದ ಪೂರ್ತಿ ಬಳಿಯಬೇಕು, ಚುಕ್ಕೆ ಚುಕ್ಕೆ ಇಟ್ಟರೆ ನಡುವೆ ಸಿಕ್ಕ ಗಾಳಿ ಬಿಸಿಲಿಗೆ ಹಿಗ್ಗಿ ಹಲಗೆಯನ್ನು ಎತ್ತುತ್ತದೆ. ಭಾರಕ್ಕೆ ಉಸುಕಿನ ಚೀಲ. ಸ್ಕ್ರೂ ಬೇಡ, 8 ಮಿ.ಮೀ. ಹಲಗೆಯಲ್ಲಿ ಅದರ ತಲೆ ಮುಚ್ಚಲು ಜಾಗವಿಲ್ಲ, ಕೊರೆದ ತೂತು ನೀರಿಗೆ ಬಾಗಿಲು. ಈ ಅಂಟೂ ಮಸಾಲೆಯೂ ಗಟ್ಟಿಯಾಗುವುದು ಗಾಳಿಯ ತೇವದಿಂದ. ಏಪ್ರಿಲ್‌ನಲ್ಲಿ ರಾಯಚೂರು ಕಡೆಯ ಹವೆಯಲ್ಲಿ ಅದೆಲ್ಲಿಂದ ಬರಬೇಕು? ಮೂರು ದಿನಕ್ಕೆ ಮೇಲೆ ಚರ್ಮ ಕಟ್ಟಿ ಒಳಗೆ ಇನ್ನೂ ಅಂಬಲಿಯಾಗಿರುತ್ತದೆ. ಆಗಲೇ ಸ್ಯಾಂಡರ್ ಹಿಡಿದರೆ ಕಪ್ಪೆಲ್ಲ ಹಲಗೆಗೆ ಬಳಿದುಕೊಳ್ಳುತ್ತದೆ. ವಾರ ಬಿಟ್ಟು 80ರ ಕಾಗದ, ಆಮೇಲೆ 120ರದು. ಅಲ್ಲಿಗೆ ನಿಲ್ಲಿಸಬೇಕು, ಇನ್ನೂ ನುಣುಪು ಮಾಡಿದರೆ ಒದ್ದೆ ಕಾಲು ಜಾರುತ್ತದೆ.

ಪಾಲಿಶ್ ಬೇಡ ಅನ್ನುವುದೂ ಅದಕ್ಕೇ. ಜಾರುವುದು ಒಂದು, ನಮ್ಮ ಬಿಸಿಲಿಗೆ ಹಾವಿನ ಪೊರೆಯ ಹಾಗೆ ಏಳುವುದು ಇನ್ನೊಂದು. ಬಿಟ್ಟರೆ ಸಾಗವಾನಿ ತಾನೇ ಬೂದು ಬಣ್ಣಕ್ಕೆ ತಿರುಗುತ್ತದೆ. ಸಿಹಿನೀರಿನಲ್ಲಿ ಉಪ್ಪಿನ ಕಾವಲಿಲ್ಲದ್ದರಿಂದ ನೆರಳಿನ ಮೂಲೆಗಳಲ್ಲಿ ಪಾಚಿ ಕಟ್ಟುತ್ತದೆ, ಮೆತ್ತನೆ ಬ್ರಷ್‌ನಿಂದ ಎಳೆಗೆ ಅಡ್ಡಡ್ಡ ತಿಕ್ಕಿದರೆ ಹೋಗುತ್ತದೆ. ಉದ್ದಕ್ಕೆ ತಿಕ್ಕಿದರೆ ಮೆದು ಎಳೆಯೂ ಜೊತೆಗೇ ಹೋಗುತ್ತದೆ. ಕಾರು ತೊಳೆಯುವ ಪ್ರೆಷರ್ ಪಂಪು ಹಿಡಿದು ಬರುವವರನ್ನು ದಂಡೆಯಲ್ಲೇ ತಡೆಯಬೇಕು.

ಮಿರ್ಚಿಯನ್ನು ತಡೆಯಲು ಮಾತ್ರ ಯಾರಿಂದಲೂ ಆಗಿಲ್ಲ. ಒಗ್ಗರಣಿ-ಮಿರ್ಚಿ ಇಲ್ಲದೆ ಈ ಸೀಮೆಯಲ್ಲಿ ಯಾರೂ ಬೋಟು ಹತ್ತುವುದಿಲ್ಲ. ಹೊಸ ಹಲಗೆಯ ಮೇಲೆ ಪೇಪರು ಬಿಚ್ಚುತ್ತಾರೆ, ಅಂಗೈಯಗಲ ಎಣ್ಣೆ ಇಳಿಯುತ್ತದೆ, ಸುತ್ತ ಅರಿಶಿಣದ ಅಂಚು. ಅದನ್ನೇ ಬೆರಳಿನಿಂದ ಸವರಿ ತೋರಿಸುತ್ತಾರೆ: "ನೋಡ್ರಿ, ಎಣ್ಣಿ ಬಿದ್ದಲ್ಲಿ ಹೆಂಗ ಹೊಳ್ಯಾಕತ್ತೈತಿ. ಪೂರಾ ಹೊಡ್ದ ಬಿಡ್ರಲ್ಲ!"