ಕೊಡಗಿಗೊಂದು ಬಂದರು

ಕೊಡಗು ವಿಶ್ವವಿದ್ಯಾಲಯದ ಕಥೆ ನಿಮಗೆ ಗೊತ್ತಿರೋದೇ. 2023ರಲ್ಲಿ ಚಿಕ್ಕ ಅಳುವಾರದಲ್ಲಿ ಬೋರ್ಡು ಬಂತು. ಆ ಬೋರ್ಡು ಎರಡು ಮಳೆಗಾಲ ನೆನೆದಿರಬೇಕು. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಕೂತು, ಹೊಸದಾಗಿ ಮಾಡಿದ ಹತ್ತು ವಿಶ್ವವಿದ್ಯಾಲಯಗಳಲ್ಲಿ ನಮ್ಮದೂ ಸೇರಿ ಒಂಬತ್ತು ಬೇಡ ಅಂದಿತು. ದುಡ್ಡಿಲ್ಲವಂತೆ. ಗಲಾಟೆ ಆಯಿತು. ಮುಚ್ಚುವುದಲ್ಲ, ವಿಲೀನ ಅಂದರು. ಹೆಣ್ಣಿನ ಕಡೆಯವರಿಗೆ ಹೇಳುವಷ್ಟು ನಯವಾಗಿ ಹೇಳಿದರು.

ಇದಕ್ಕೆ ನನಗೇನೂ ಬೇಜಾರಿಲ್ಲ. ಒಂದು ಸರ್ಕಾರ ತೆರೆಯುತ್ತದೆ, ಇನ್ನೊಂದು ಮುಚ್ಚುತ್ತದೆ. ಮಂಗಳೂರು ವಿಶ್ವವಿದ್ಯಾಲಯ ಇರುವ ಕೊಣಾಜೆಗೆ ಘಾಟಿ ಇಳಿದು ಹತ್ತಿ ನಮ್ಮವರಿಗೂ ಅಭ್ಯಾಸ ಇದೆ. ನಗು ಬಂದಿದ್ದು ಬೇರೆ ಕಾರಣಕ್ಕೆ. ಇದೇ ಹೊತ್ತಿಗೆ ಪಾಪದ ಕಾಲೇಜುಗಳೆಲ್ಲ ಕೂತು ದೂರದೃಷ್ಟಿಯ ಯೋಜನೆ ಬರೆಯುತ್ತಿವೆ. ಬರೆಯಲೇಬೇಕು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರ ಏಳು ಮಾನದಂಡಗಳಲ್ಲಿ ಆರನೆಯದು ಆಡಳಿತ, ನಾಯಕತ್ವ, ನಿರ್ವಹಣೆ. ಅದರೊಳಗೆ ಕಾರ್ಯತಂತ್ರಕ್ಕೇ ಬೇರೆ ಅಂಕ ಇಟ್ಟಿದ್ದಾರೆ. ಸಾಲದ್ದಕ್ಕೆ 2024ರಲ್ಲಿ ಯುಜಿಸಿ ಕೂಡ ಸಂಸ್ಥೆಗಳ ಅಭಿವೃದ್ಧಿ ಯೋಜನೆಗೆ ಅಂತ ಮಾರ್ಗಸೂಚಿ ಹೊರಡಿಸಿತು. ಮೇಲಿನವರಿಗೆ ಮುಂದಿನ ಜೂನ್ ಹೇಗಿರುತ್ತೆ ಅಂತ ಗೊತ್ತಿಲ್ಲ. ಕೆಳಗಿನವರು 2047ರವರೆಗೆ ಬರೆದು ಕೊಡಬೇಕು.

ನಮ್ಮ ಕಡೆಯ ಒಂದು ಕಾಲೇಜಿನ ಅಂಥ ಯೋಜನೆ ನನ್ನ ಕೈಗೆ ಬಂತು. ಹೆಸರು ಬೇಡ. ಸ್ಪೈರಲ್ ಬೈಂಡಿಂಗ್, ಮೇಲೆ ಪ್ಲಾಸ್ಟಿಕ್ ಹಾಳೆ, ಮೊದಲ ಪುಟದಲ್ಲಿ ಮಂಜು ಮುಸುಕಿದ ಬೆಟ್ಟ. ವಿಷನ್ ಇದೆ, ಮಿಷನ್ ಇದೆ. ಎರಡನ್ನೂ ಅದಲು ಬದಲು ಮಾಡಿದರೂ ಯಾರಿಗೂ ಗೊತ್ತಾಗಲ್ಲ. ನಡುವಿನ ಒಂದು ಪುಟದಲ್ಲಿ ಹೀಗಿತ್ತು: "ಕಡಲತಡಿಯ ಮೀನುಗಾರ ಕುಟುಂಬಗಳ ಯುವಜನರಿಗೆ ಕೌಶಲ ತರಬೇತಿ. ಬಂದರು ಆಧಾರಿತ ಉದ್ಯೋಗಾವಕಾಶಗಳ ಬಳಕೆ."

ಕರಾವಳಿಯ ಯಾವುದೋ ಕಾಲೇಜಿನ ಯೋಜನೆ ತಂದು ಹೆಸರು ಬದಲಾಯಿಸಿದ್ದಾರೆ, ಸಮುದ್ರ ತೆಗೆಯೋದು ಮರೆತಿದ್ದಾರೆ. ಆದರೆ ನಾನು ತಪ್ಪು ಅನ್ನಲ್ಲ ಮಾರಾಯ್ರೆ. ಇದೇ ನಿಜವಾದ ದೂರದೃಷ್ಟಿ. ಕೊಡಗಿಗೆ ಇವತ್ತಿಗೂ ರೈಲು ಬಂದಿಲ್ಲ, ನೇರವಾಗಿ ಬಂದರೇ ಬರಲಿ. ಜುಲೈ ತಿಂಗಳಲ್ಲಿ ಭಾಗಮಂಡಲದ ತ್ರಿವೇಣಿ ಸಂಗಮ ಉಕ್ಕಿದಾಗ ರಸ್ತೆ ಮೇಲೆ ಬೋಟು ಬಿಟ್ಟ ಜನ ನಾವು. 2019ರಲ್ಲಿ ಕುಶಾಲನಗರದ ಬಡಾವಣೆಗಳಿಗೆ ಕಾವೇರಿಯೇ ಮನೆ ನೋಡಲು ಬಂದಿದ್ದಳು. ಬಂದರಿಗೆ ಬೇಕಾದ ನೀರಂತೂ ಇದೆ. ಹಡಗು ಬರಬೇಕಷ್ಟೆ. ಕರಿಮೆಣಸು ಕೊಳ್ಳಲು ಬಂದವರಿಗೆ ಘಾಟಿ ಹತ್ತುವ ಕಷ್ಟವೂ ತಪ್ಪುತ್ತೆ. ಮಡಿಕೇರಿಯ ರಾಜಾಸೀಟಿನ ಕೆಳಗೆ ಒಂದು ದೀಪಸ್ತಂಭ ಹಾಕಿದರೆ ಪ್ರವಾಸಿಗರೂ ಬರ್ತಾರೆ. ಈಗ ಬರೋರೇ ಜಾಸ್ತಿ ಆಗಿದ್ದಾರೆ, ಆ ಮಾತು ಬೇರೆ.

ತಿದ್ದಬಾರದಾ ಅಂತ ಕೇಳಿದೆ. ತಿದ್ದುವ ಮಾತು ಬಂದಿತ್ತಂತೆ. ಪ್ರಿನ್ಸಿಪಾಲರೇ ಬೇಡ ಅಂದರಂತೆ: "ಇರಲಿ ಬಿಡಿ, ಪುಟದ ಸಂಖ್ಯೆ ಎಲ್ಲಾ ಆಚೀಚೆ ಆಗುತ್ತೆ. ನ್ಯಾಕ್‌ನಿಂದ ನೋಡಲು ಬರುವ ಪೀರ್ ಟೀಮಿನವರು ಹೊರರಾಜ್ಯದವರು. ಅವರಿಗೆ ಮಂಗಳೂರೂ ಒಂದೇ, ಮಡಿಕೇರಿಯೂ ಒಂದೇ."

ಶಕ್ತಿ, ದೌರ್ಬಲ್ಯ ಅಂತ ಒಂದು ಪಟ್ಟಿ ಇದೆ. ಶಕ್ತಿ: ಸುಂದರ ಪರಿಸರ. ಸವಾಲು: ಮಳೆ. ದೌರ್ಬಲ್ಯದ ಜಾಗದಲ್ಲಿ ಏನೂ ಇಲ್ಲ. ಸೆಮಿನಾರ್ ಹಾಲಿನಲ್ಲಿ ಪ್ರೊಜೆಕ್ಟರ್ ಪಕ್ಕದಲ್ಲೇ ಒಂದು ನೀಲಿ ಬಕೆಟ್ ಇಟ್ಟಿದ್ದಾರೆ. ಶೀಟಿನ ಸಂದಿಯಿಂದ ಬೀಳುವ ನೀರಿಗೆ. ಅರ್ಧ ತುಂಬಿದಾಗ ಅಟೆಂಡರ್ ಬಂದು ಚೆಲ್ಲಿ ಹೋಗ್ತಾರೆ. ಇಡೀ ಕಾಲೇಜಿನಲ್ಲಿ ಹೇಳಿದ ಹೊತ್ತಿಗೆ ಸರಿಯಾಗಿ ನಡೆಯುವ ನಿರ್ವಹಣೆ ಅಂದರೆ ಅದೊಂದೇ. ಅದನ್ನು ಉತ್ತಮ ಆಚರಣೆ ಅಂತ ಏಳನೇ ಮಾನದಂಡಕ್ಕೆ ಸೇರಿಸಬಹುದಿತ್ತು.

ಇನ್ನು ಆಡಳಿತ. ಸರ್ಕಾರಿ ಕಾಲೇಜಿನ ಅಭಿವೃದ್ಧಿ ಸಮಿತಿಗೆ ಶಾಸಕರೇ ಅಧ್ಯಕ್ಷರು. ಸಭೆ ಯಾವಾಗ ಅಂದರೆ ಅವರು ಬಂದಾಗ. ಅವರು ಯಾವಾಗ ಬರ್ತಾರೆ ಅಂದರೆ ಆ ದಾರಿಯಲ್ಲಿ ಮದುವೆಯೋ ಗೃಹಪ್ರವೇಶವೋ ಇದ್ದಾಗ. ಹಿಂದಿನ ಸಭೆಯ ನಡಾವಳಿ ಓದುವಷ್ಟರಲ್ಲಿ ಬೋಂಡಾ ಬರುತ್ತೆ. ಬೋಂಡಾ ಮುಗಿಯೋದರೊಳಗೆ ಫೋನ್ ಬರುತ್ತೆ. "ನೀವು ಮಾಡಿ, ನಾನಿದ್ದೇನೆ" ಅಂತ ಎದ್ದು ಹೋಗ್ತಾರೆ. ಕಾರ್ಯತಂತ್ರ ಸರ್ವಾನುಮತದಿಂದ ಅಂಗೀಕಾರ.

ಮುಖಪುಟದಲ್ಲಿ ಯಾವ ವಿಶ್ವವಿದ್ಯಾಲಯದ ಹೆಸರು ಹಾಕೋದು ಅನ್ನೋದಕ್ಕೆ ಮಾತ್ರ ಸ್ವಲ್ಪ ಚರ್ಚೆ ಆಯಿತಂತೆ. ಕೊನೆಗೆ ಝೆರಾಕ್ಸ್ ಅಂಗಡಿಯ ಹುಡುಗನೇ ದಾರಿ ತೋರಿಸಿದ. "ಸರ್, ಜಾಗ ಬಿಟ್ಟು ಬೈಂಡ್ ಮಾಡಿಕೊಡ್ತೀನಿ. ಗೊತ್ತಾದ ಮೇಲೆ ಸ್ಟಿಕ್ಕರ್ ಅಂಟಿಸಿಕೊಳ್ಳಿ." ಇಡೀ ಪ್ರಕರಣದಲ್ಲಿ ಯೋಜನೆ ಹಾಕಿಕೊಂಡು ಮಾತಾಡಿದ್ದು ಅವನೊಬ್ಬನೇ.

ನಗಿಸಿದ್ದು ಸಾಕು. ಮಕ್ಕಳ ಕಡೆ ನೋಡಿ. 2021ರಲ್ಲಿ ಸೇರಿದ ಅಕ್ಕನಿಗೆ ನಾಲ್ಕು ವರ್ಷದ ಆನರ್ಸ್ ಪದವಿ ಅಂದರು. ಹೊಸ ಶಿಕ್ಷಣ ನೀತಿ ತಂದ ಮೊದಲ ರಾಜ್ಯ ಅಂತ ಡಂಗುರ ಬೇರೆ. 2024ರಲ್ಲಿ ತಮ್ಮ ಸೇರುವಾಗ ಮತ್ತೆ ಮೂರು ವರ್ಷ. ಅವಳದು ಒಂದು ಸಿಲಬಸ್, ಇವನದು ಇನ್ನೊಂದು. ಸಾಲದು ಅಂತ, ತಮ್ಮನ ಮಾರ್ಕ್ಸ್‌ಕಾರ್ಡಿನ ಮೇಲಿನ ವಿಶ್ವವಿದ್ಯಾಲಯದ ಹೆಸರಿಗೇ ಕತ್ತರಿ ಹಿಡಿದು ಕೂತರು. ತೋಟದಲ್ಲಿ ಕೂಲಿ ಮಾಡಿ ಫೀಸು ಕಟ್ಟಿದ ಅಪ್ಪನ ಹತ್ತಿರ ಇದಕ್ಕೆಲ್ಲ ಯಾರೂ ಒಂದು ಮಾತು ಕೇಳಲಿಲ್ಲ. ಯೋಜನೆಯಲ್ಲಿ ಮಾತ್ರ ಅವರನ್ನು "ಪಾಲುದಾರರು" ಅಂತ ಕರೆದಿದ್ದಾರೆ.

ಮತ್ತೆ ಇದನ್ನು ಬರೆದ ಮೇಷ್ಟ್ರು. ಖಾಯಂ ಅಲ್ಲ, ಅತಿಥಿ ಉಪನ್ಯಾಸಕರು. ವರ್ಷಗಟ್ಟಲೆ ಅತಿಥಿ. ಸರ್ಕಾರದವರೇ, ಖಾಯಂ ಹುದ್ದೆ ತುಂಬಿ ಅಂದರೆ ಹಣಕಾಸು ಇಲಾಖೆ ಒಪ್ಪಿಲ್ಲ ಅಂತೀರಿ. ಶೀಟು ಹಾಕಿಸಿ ಅಂದರೆ ಅನುದಾನ ಬಂದಿಲ್ಲ ಅಂತೀರಿ. ಒಂದು ರೂಪಾಯಿ ಖರ್ಚು ಮಾಡುವ ಅಧಿಕಾರ ಇಲ್ಲದವರ ಹತ್ತಿರ, ಮುಂದಿನ ವರ್ಷ ಇರ್ತಾರೋ ಇಲ್ಲವೋ ಗೊತ್ತಿಲ್ಲದವರ ಹತ್ತಿರ, ಇಪ್ಪತ್ತು ವರ್ಷದ ಯೋಜನೆ ಬರೆಸಿಕೊಳ್ಳೋಕೆ ನಿಮಗೆ ನಾಚಿಕೆ ಆಗಲ್ವಾ? ರಾತ್ರಿ ಕರೆಂಟಿಲ್ಲದೆ ಮೊಬೈಲ್ ಬೆಳಕಲ್ಲಿ ಟೈಪ್ ಮಾಡಿದ್ದಾರೆ ಆ ಮನುಷ್ಯ. ಕಾಪಿ ಹೊಡೆಯದೆ ಇನ್ನೇನು ಮಾಡ್ತಾರೆ?

ಶೈಕ್ಷಣಿಕ ವರ್ಷ ಮುಗಿದ ಕೂಡಲೇ ಅವರ ಕೆಲಸವೂ ಮುಗಿಯುತ್ತೆ, ಸಂಬಳವೂ ನಿಲ್ಲುತ್ತೆ. ಈ ಸಲದ ರಜೆಗೆ ಒಂದು ಕಾಫಿ ತೋಟದಲ್ಲಿ ರೈಟರ್ ಕೆಲಸ ಸಿಕ್ಕಿದೆಯಂತೆ, ಹಾಜರಿ ಬರೆಯೋದು. 2047ರ ಯೋಜನೆಯ ಅನುಷ್ಠಾನ ಸಮಿತಿಗೂ ಅವರೇ ಸಂಚಾಲಕರು.