ಟೇಪು ಅಳಿಸಿ, ರಿಜಿಸ್ಟರ್ ಉಳಿಸಿ

ಹಳೆಯ ಸ್ಪೂಲ್ ಟೇಪ್ ರೆಕಾರ್ಡರಿನ ಮುಚ್ಚಳ ತೆಗೆದು ನೋಡಿದವರಿಗೆ ಇದು ಗೊತ್ತಿರುತ್ತದೆ. ಎಡಗಡೆಯ ಸ್ಪೂಲಿನಿಂದ ಬಲಗಡೆಯ ಸ್ಪೂಲಿಗೆ ಹೋಗುವ ದಾರಿಯಲ್ಲಿ ಟೇಪಿಗೆ ಮೂರು ಹೆಡ್ ಸಿಗುತ್ತವೆ. ಮೊದಲನೆಯದು ಅಳಿಸುವುದಕ್ಕೆ. ಎರಡನೆಯದು ದಾಖಲಿಸುವುದಕ್ಕೆ. ಮೂರನೆಯದು ಕೇಳಿಸುವುದಕ್ಕೆ. ಮೊದಲು ಇದ್ದದ್ದನ್ನು ಒರೆಸಿಹಾಕು, ಮಿಕ್ಕಿದ್ದು ಆಮೇಲೆ ಅನ್ನುವ ಬುದ್ಧಿ ಯಂತ್ರದ ಹೊಟ್ಟೆಯಲ್ಲೇ ಇದೆ. ಇದನ್ನು ತಯಾರಿಸಿದ ಜರ್ಮನಿಯ ಎಂಜಿನಿಯರುಗಳು ನಮ್ಮ ಕಚೇರಿಗಳನ್ನು ಕಂಡವರಲ್ಲ. ಆದರೂ ಎಷ್ಟು ಚೆನ್ನಾಗಿ ಹೊಂದಿಕೊಂಡಿತು ನೋಡಿ!

ಆ ಯಂತ್ರ ಬರ್ಲಿನ್ನಿನ ರೇಡಿಯೊ ಮೇಳದಲ್ಲಿ ಮೊದಲ ಸಲ ಜನರ ಕಣ್ಣಿಗೆ ಬಿದ್ದದ್ದು 1935ರ ಆಗಸ್ಟ್‌ನಲ್ಲಿ. ಮರುತಿಂಗಳು, ಸೆಪ್ಟೆಂಬರ್ 10ರಂದು, ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 'ವಿಠ್ಠಲ ವಿಹಾರ' ಎಂಬ ತಮ್ಮ ಮನೆಯಲ್ಲೇ ಪುಟ್ಟದೊಂದು ಬಾನುಲಿ ಕೇಂದ್ರ ಶುರುಮಾಡಿದರು. ಅದರ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೊ ಆ ಹೆಸರನ್ನೇ ಎತ್ತಿಕೊಂಡಿತು. ಹೆಸರು ಮಾತ್ರ ಭದ್ರವಾಗಿ ಉಳಿದಿದೆ, ಯಾಕೆಂದರೆ ಹೆಸರನ್ನು ಬೋರ್ಡಿನ ಮೇಲೆ ಬರೆಯಬಹುದು.

ಆ ಮೊದಲ ದಿನಗಳ ದನಿ ಎಲ್ಲಿ ಅಂತ ಕೇಳಿ ಯಾರನ್ನೂ ಪೇಚಿಗೆ ಸಿಕ್ಕಿಸುವುದು ಬೇಡ. ಆಗ ಎಲ್ಲವೂ ನೇರ. ಬಾಯಿಂದ ಮೈಕಿಗೆ, ಮೈಕಿನಿಂದ ಗಾಳಿಗೆ. ಬರ್ಲಿನ್ನಿನ ಯಂತ್ರ ಒಂದೇ ತಿಂಗಳಲ್ಲಿ ಮೈಸೂರಿಗೆ ಬರಬೇಕಿತ್ತು ಅನ್ನುವುದು ಜಾಸ್ತಿಯಾಯಿತು. ಮಜಾ ಇರುವುದು ಟೇಪು ಬಂದ ಮೇಲಿನ ಕಥೆಯಲ್ಲಿ. 1950ರಲ್ಲಿ ಧಾರವಾಡ ನಿಲಯ, 1955ರಲ್ಲಿ ಮೈಸೂರಿನಿಂದ ಬೆಂಗಳೂರಿಗೆ ಬಂದ ನಿಲಯ, ಆಮೇಲೆ ಭದ್ರಾವತಿ, ಕಲಬುರಗಿ, ಮಂಗಳೂರು. ಮಾತು, ನಾಟಕ, ಸುಗಮ ಸಂಗೀತ, ಕೃಷಿರಂಗ ಎಲ್ಲವೂ ಟೇಪಿಗೆ ಬಂದವು. ಹಾಗೇ ಟೇಪಿನಿಂದ ಹೋದವು. ಟೇಪು ದುಬಾರಿ, ಅದಕ್ಕೇ ಮರುಬಳಕೆ. ಸೋಮವಾರ ಅದರ ಮೇಲೆ ರಾಗಿ ಬೆಳೆಗೆ ಗೊಬ್ಬರದ ಸಲಹೆ. ಮುಂದಿನ ವಾರ ಅದೇ ಟೇಪಿನ ಮೇಲೆ ಭಾವಗೀತೆ. ಅದರ ಮುಂದಿನ ವಾರ ಕುಟುಂಬ ಯೋಜನೆಯ ಬಗ್ಗೆ ಡಾಕ್ಟರ ಮಾತು. ಬಂದವರೆಲ್ಲ ಹಿಂದಿನವರನ್ನು ಎಬ್ಬಿಸಿ ಕೂತರು.

ನಾವಷ್ಟೇ ಹೀಗೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಾಗಿನ ಮೂಲ ಟೇಪುಗಳನ್ನು ಹುಡುಕಿ ಹುಡುಕಿ ಸೋತ ನಾಸಾದವರು, ನಾವೇ ಅಳಿಸಿ ಮತ್ತೆ ಬಳಸಿಕೊಂಡಿರಬೇಕು ಅಂತ 2009ರಲ್ಲಿ ಹೇಳಿದರು. ಚಂದ್ರನಿಗೇ ಆ ಗತಿ ಅಂದಮೇಲೆ ನಮ್ಮ ರಾಗಿ ಗೊಬ್ಬರ ಯಾವ ಲೆಕ್ಕ?

ಆದರೆ ನಾಸಾದವರಿಗೆ ಬರದ ಒಂದು ವಿದ್ಯೆ ನಮ್ಮಲ್ಲಿದೆ. ದನಿಯನ್ನು ಅಳಿಸಿ, ಅದರ ಕಾಗದವನ್ನು ಕಾಪಾಡುವುದು. ಒಬ್ಬ ಗಾಯಕಿ ಅರ್ಧ ಗಂಟೆ ಹಾಡಿದರು ಅನ್ನಿ. ಅವರಿಗೆ ಕಳಿಸಿದ ಕರಾರು ಪತ್ರ, ಅವರು ಒಪ್ಪಿ ಬರೆದ ಉತ್ತರ, ಸ್ಟುಡಿಯೊ ಬುಕ್ ಮಾಡಿದ ಚೀಟಿ, ಟೇಪು ಕೊಟ್ಟ ರಿಜಿಸ್ಟರ್, ಟೇಪು ವಾಪಸ್ ಪಡೆದ ರಿಜಿಸ್ಟರ್, ರೆವಿನ್ಯೂ ಸ್ಟ್ಯಾಂಪಿನ ಮೇಲೆ ಹಾಕಿದ ಸಹಿ. ಎಲ್ಲ ದಾರ ಕಟ್ಟಿಸಿಕೊಂಡು ಬೀರುವಿನೊಳಗೆ ಕ್ಷೇಮ. ನಾಳೆ ಆಡಿಟ್‌ನವರು ಬಂದರೆ ಬೇಕಲ್ಲ! ಆಡಿಟ್‌ನವರು ಯಾವತ್ತಾದರೂ 'ಎಲ್ಲಿ, ಒಂದು ಆಲಾಪನೆ ಕೇಳಿಸಿ' ಅಂದಿದ್ದರೆ ಕರ್ನಾಟಕದ ಅರ್ಧ ಸಂಗೀತ ಉಳಿಯುತ್ತಿತ್ತೇನೋ.

ದೊಡ್ಡವರ ದನಿ ಉಳಿದಿದೆ. ಅದು ಸಂತೋಷವೇ. ಗಾಂಧೀಜಿ 1947ರ ನವೆಂಬರ್ 12ರಂದು ದಿಲ್ಲಿಯ ನಿಲಯಕ್ಕೆ ಬಂದು ಮಾತಾಡಿದ್ದು ಇವತ್ತೂ ಕೇಳಲು ಸಿಗುತ್ತದೆ. ಆದರೆ ಅದೇ ಕಾಲದ ಒಂದು ಸಾಮಾನ್ಯ ಮಂಗಳವಾರ ಏನಾಯಿತು ಅಂತ ಕೇಳಿ. ಇತಿಹಾಸದಲ್ಲಿ ಮಂಗಳವಾರಗಳೇ ಜಾಸ್ತಿ, ಮಹಾತ್ಮರು ಕಮ್ಮಿ. ಪ್ರದೇಶ ಸಮಾಚಾರದಲ್ಲಿ ಬರುತ್ತಿದ್ದದ್ದು ಆ ಮಂಗಳವಾರಗಳು. ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ, ಶಿವಮೊಗ್ಗದ ಅಡಿಕೆ ಧಾರಣೆ, ಘಾಟಿಯಲ್ಲಿ ಮಣ್ಣು ಕುಸಿದು ನಿಂತ ಬಸ್ಸು. ಆಮೇಲೆ ಮನೆ ಬಿಟ್ಟು ಹೋದ ಹುಡುಗನ ಪ್ರಕಟಣೆ: ಎಣ್ಣೆಗೆಂಪು ಮೈಬಣ್ಣ, ನೀಲಿ ಚಡ್ಡಿ, ಕನ್ನಡ ಮಾತಾಡುತ್ತಾನೆ. ಇದನ್ನೆಲ್ಲ ಒಂದೇ ಸಮನೆ, ಏರಿಳಿತವಿಲ್ಲದೆ, ನೀರಿನ ಮಟ್ಟಕ್ಕೂ ಕಳೆದುಹೋದ ಹುಡುಗನಿಗೂ ಒಂದೇ ದನಿಯಲ್ಲಿ ಓದುವ ಕಲೆಯೊಂದಿತ್ತು. ಈಗ ಟಿವಿಯಲ್ಲಿ ತುಂತುರು ಮಳೆ ಬಂದರೂ ಕಿರುಚುವುದನ್ನು ನೋಡಿ ಬೆಳೆದ ಮಕ್ಕಳಿಗೆ, ಸುದ್ದಿಯನ್ನು ಹಾಗೂ ಓದಬಹುದು ಅಂತ ನಂಬಿಸಲು ನಮ್ಮ ಬಳಿ ಸಾಕ್ಷಿಯೇ ಕಮ್ಮಿ.

ಕಾನೂನು ಏನು ಹೇಳುತ್ತದೆ ಅಂತ ನೋಡೋಣ. ಕಾನೂನು ಯಾವಾಗಲೂ ನಗಿಸುತ್ತದೆ.

1954ರಲ್ಲಿ ಒಂದು ಕಾಯ್ದೆ ಬಂತು. ದೇಶದಲ್ಲಿ ಅಚ್ಚಾಗುವ ಪ್ರತಿ ಪುಸ್ತಕದ ಒಂದೊಂದು ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಕೆಲವು ಗ್ರಂಥಾಲಯಗಳಿಗೂ ಕಳಿಸಬೇಕು. ಎರಡು ವರ್ಷದ ನಂತರ ಪತ್ರಿಕೆಗಳನ್ನೂ ಸೇರಿಸಿದರು. ಕಾಗದದ ಮೇಲೆ ಬಿದ್ದ ಸುದ್ದಿಗೆ ಒಂದು ಮನೆ ಸಿಕ್ಕಿತು. ಗಾಳಿಯಲ್ಲಿ ಹೋದ ಸುದ್ದಿಗೆ ಆ ಕಾಯ್ದೆಯಲ್ಲಿ ಒಂದು ಸಾಲೂ ಇಲ್ಲ. ಅಕ್ಷರ ಬಾರದ ಲಕ್ಷಾಂತರ ಜನ ಕಿವಿಯಿಂದಲೇ ಲೋಕ ತಿಳಿಯುತ್ತಿದ್ದ ಕಾಲ ಅದು. ಅವರ ಪತ್ರಿಕೆ ರೇಡಿಯೊ. ಅದನ್ನು ಮಾತ್ರ ಎಲ್ಲೂ ಕಳಿಸಬೇಕಿಲ್ಲ.

ಹಕ್ಕಿನ ವಿಷಯ ಬಂದಾಗ ಕಾನೂನಿಗೆ ಗಾಳಿಯೂ ನೆನಪಾಗುತ್ತದೆ. ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಪ್ರಸಾರ ಮಾಡಿದವರಿಗೆ ಆ ಪ್ರಸಾರದ ಮೇಲೆ 25 ವರ್ಷ ಹಕ್ಕಿದೆ. ಅವರ ಅನುಮತಿ ಇಲ್ಲದೆ ಯಾರೂ ಮರುಪ್ರಸಾರ ಮಾಡುವಂತಿಲ್ಲ. ಸರಿ, ನ್ಯಾಯ. ಹಾಗಾದರೆ ಆ 25 ವರ್ಷ ಅದನ್ನು ಇಟ್ಟುಕೊಳ್ಳಬೇಕಲ್ವಾ? ಊರಿನವರೇ ನಡೆಸುವ ಸಮುದಾಯ ಬಾನುಲಿಗಳಿಗೆ 2006ರಲ್ಲಿ ಬಂದ ನಿಯಮ ಓದಿ. ಪ್ರಸಾರವಾದ ಕಾರ್ಯಕ್ರಮಗಳನ್ನು ಮೂರು ತಿಂಗಳು ಉಳಿಸಿಕೊಳ್ಳಬೇಕು ಅಂತಿದೆ. ಬರೀ ಮೂರು ತಿಂಗಳು. ಅದೂ ಹಳ್ಳಿಯ ನೆನಪು ಉಳಿಯಲಿ ಅಂತ ಅಲ್ಲ, ಯಾರಾದರೂ ದೂರು ಕೊಟ್ಟರೆ ತಪ್ಪು ಹಿಡಿಯುವುದಕ್ಕೆ ಬೇಕು ಅಂತ. ತಪ್ಪು ಮಾತಾಡಿದವರ ದನಿ ಫೈಲು ಸೇರಿ ಬದುಕೀತು. ಸೋಬಾನೆ ಪದ ಹಾಡಿದ ಅಜ್ಜಿ ಯಾರ ಮೇಲೂ ಆರೋಪ ಮಾಡಲಿಲ್ಲ, ಹಾಗಾಗಿ ತೊಂಬತ್ತೊಂದನೆಯ ದಿನ ಅವರ ಹಾಡನ್ನು ಅಳಿಸಲು ಯಾವ ಅಡ್ಡಿಯೂ ಇಲ್ಲ. ಜಾನಪದ ಉಳಿಯಬೇಕಾದರೆ ಅದರಲ್ಲಿ ಸ್ವಲ್ಪ ಮಾನನಷ್ಟ ಬೆರೆಸಿ ಹಾಡುವುದು ಒಳ್ಳೆಯದು.

ಗಾಳಿಯ ಅಲೆಗಳು ಸಾರ್ವಜನಿಕರ ಆಸ್ತಿ ಅಂತ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿತು. ಆದರೂ ಕೋಲಾರ ಜಿಲ್ಲೆಯ ಬೂದಿಕೋಟೆಯವರು ತಮ್ಮ 'ನಮ್ಮ ಧ್ವನಿ' ಸಮುದಾಯ ಬಾನುಲಿಯನ್ನು ಕೇಬಲ್ ತಂತಿಯಲ್ಲಿ ಮನೆಮನೆಗೆ ಮುಟ್ಟಿಸಬೇಕಾಯಿತು. ಆಸ್ತಿ ನಿಮ್ಮದೇ, ಒಳಗೆ ಬರಬೇಡಿ ಅಷ್ಟೆ. ದೇಶದ ಮೊದಲ ಖಾಸಗಿ ಎಫ್‌ಎಂ 2001ರಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ಖಾಸಗಿ ಎಫ್‌ಎಂನವರು ತಮ್ಮದೇ ಸುದ್ದಿ ಓದುವಂತಿಲ್ಲ, ಟ್ರಾಫಿಕ್ ಮತ್ತು ಹವಾಮಾನ ಹೇಳಬಹುದು. ಮುಂದಿನ ಶತಮಾನದ ಸಂಶೋಧಕರಿಗೆ ಈ ಶತಮಾನದ ಬೆಂಗಳೂರಿನ ರೇಡಿಯೊ ಸಿಕ್ಕರೆ ಒಂದೇ ಒಂದು ಸತ್ಯ ಗೊತ್ತಾಗುತ್ತದೆ: ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಯಾರೂ ಮುಂದೆ ಹೋಗಲಿಲ್ಲ.

ಇನ್ನು ಹಾಡುಗಳ ಜನಪ್ರಿಯತೆಯ ಪಟ್ಟಿ. ಇದರಲ್ಲಿ ನಮ್ಮ ಸಾಧನೆ ಬೇರೆಯದೇ ಮಟ್ಟದ್ದು. ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಒಗ್ಗದು ಅಂತ 1940ರಲ್ಲಿ ರೇಡಿಯೊದಿಂದ ಹೊರಗೆ ಹಾಕಿದವರು, ಅದಕ್ಕೆ ಬಾಗಿಲು ತೆರೆಯಲು 1971ರ ತನಕ ಸಮಯ ತೆಗೆದುಕೊಂಡರು. ನಿಷೇಧವನ್ನು ಕಾಪಾಡಿದ ಶ್ರದ್ಧೆಯಲ್ಲಿ ಟೇಪು ಕಾಪಾಡಿದ್ದರೆ ಸಾಕಿತ್ತು. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಕಂಡರಾಗದು. ಹಾಡುಗಳು ಆಕಾಶವಾಣಿಯಿಂದ ಮಾಯವಾದವು. ಅದೇ ವರ್ಷ ರೇಡಿಯೊ ಸಿಲೋನ್‌ನಲ್ಲಿ ಹಿಂದಿ ಸಿನಿಮಾ ಹಾಡುಗಳ ಬಿನಾಕಾ ಗೀತಮಾಲಾ ಶುರು. ಅಮೀನ್ ಸಯಾನಿ ಮುಂಬಯಿಯಲ್ಲಿ ಕೂತು ಮಾತಾಡುವುದು, ಟೇಪು ಕೊಲಂಬೊಗೆ ಹೋಗುವುದು, ಅಲ್ಲಿಂದ ದನಿ ಸಮುದ್ರ ದಾಟಿ ಮತ್ತೆ ಮುಂಬಯಿಗೇ ಬರುವುದು. ನಮ್ಮ ಜನ ಯಾವ ಹಾಡು ಮೆಚ್ಚಿದರು ಅಂತ ವಾರವಾರ ಲೆಕ್ಕ ಇಟ್ಟಿದ್ದು ಪಕ್ಕದ ದೇಶದ ರೇಡಿಯೊ. ವಿವಿಧ ಭಾರತಿ ಬರುವುದಕ್ಕೆ 1957 ಆಗಬೇಕಾಯಿತು.

ನಮ್ಮಲ್ಲೂ ಪಟ್ಟಿ ಇರಲಿಲ್ಲ ಅಂತಲ್ಲ. ಗೋಣಿಚೀಲದಲ್ಲಿ ಇತ್ತು. ಕೋರಿಕೆ ಕಾರ್ಯಕ್ರಮಕ್ಕೆ ಬರುತ್ತಿದ್ದ ಪೋಸ್ಟ್ ಕಾರ್ಡುಗಳು! ಯಾವ ಊರಿನವರು, ಯಾವ ಹಾಡು, ಯಾರ್ಯಾರ ಹೆಸರು ಎಲ್ಲ ಅದರಲ್ಲೇ. ಒಂದೇ ಕಾರ್ಡಿನಲ್ಲಿ ಮನೆಮಂದಿಯೆಲ್ಲರ ಹೆಸರು, ಜಾಗ ಉಳಿದರೆ ಪಕ್ಕದ ಮನೆಯವರದೂ. ಹಾಡು ಮೂರು ನಿಮಿಷ, ಹೆಸರು ಓದುವುದು ನಾಲ್ಕು ನಿಮಿಷ. ಕನ್ನಡಿಗರ ಅಭಿರುಚಿಯ ಬಗ್ಗೆ ಇದಕ್ಕಿಂತ ಒಳ್ಳೆಯ ಸಮೀಕ್ಷೆ ಯಾರೂ ಮಾಡಿಲ್ಲ, ಅದೂ ಜನರೇ ಕೈಯಿಂದ ದುಡ್ಡು ಹಾಕಿ ಮಾಡಿಕೊಟ್ಟದ್ದು. ಆ ಚೀಲಗಳು ಎಲ್ಲಿ ಅಂತ ಕೇಳಬೇಡಿ. ಕಡಲೆಕಾಯಿ ಮಾರುವವರ ಬಳಿ ಒಂದೆರಡು ದಿನ ಇದ್ದಿರಬಹುದು.

ಉಳಿದ ಟೇಪುಗಳಿಗೆ ಇನ್ನೊಂದು ಕಾಟ. ಹಳೆಯ ಕೆಲವು ಟೇಪುಗಳಲ್ಲಿ ಕಾಂತದ ಪುಡಿಯನ್ನು ಹಿಡಿದಿಟ್ಟ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಹಾಗೇ ಓಡಿಸಿದರೆ ಕೀರಲು ಸದ್ದು ಬರುತ್ತದೆ, ದನಿ ಹೆಡ್ಡಿಗೆ ಮೆತ್ತಿಕೊಂಡು ಕಂದು ಪುಡಿಯಾಗಿ ಉದುರುತ್ತದೆ. ಇದಕ್ಕೆ ಮದ್ದಿದೆ. ಸುಮಾರು 50 ಡಿಗ್ರಿ ಬಿಸಿಯ ಓವನ್ನಿನಲ್ಲಿ ಕೆಲವು ಗಂಟೆ ಇಟ್ಟು, ಆರಿದ ಮೇಲೆ ಬೇಗ ನಕಲು ಮಾಡಿಕೊಳ್ಳಬೇಕು. ಟೇಪುಗಳನ್ನು ಬೇಯಿಸಲು ಅನುಮತಿ ಕೋರಿ ನಮ್ಮಲ್ಲಿ ಒಂದು ಫೈಲು ಹೊರಟಿತು ಅನ್ನಿ. ಅದು ನೇರ ಕ್ಯಾಂಟೀನ್ ಸಮಿತಿಗೆ ಹೋಗುತ್ತದೆ. ಅವರು ಗ್ಯಾಸ್ ಸಿಲಿಂಡರಿನ ಬಗ್ಗೆ ಸ್ಪಷ್ಟನೆ ಕೇಳುತ್ತಾರೆ. ಅಷ್ಟರಲ್ಲಿ ಮಳೆಗಾಲ ಬರುತ್ತದೆ.

ಹೀಗೆ ನಡೆಯುತ್ತಿರುವಾಗ ಒಂದು ನಿಲಯಕ್ಕೆ ವರ್ಷಾಚರಣೆ ಬಂತು ಅಂತ ಊಹಿಸಿಕೊಳ್ಳಿ. ಊರು ನಿಮಗೆ ತೋಚಿದ್ದು. ಶಾಮಿಯಾನ, ಫ್ಲೆಕ್ಸು, ಪೇಟ, ಹಾರ, ನೆನಪಿನ ಕಾಣಿಕೆ ಎಲ್ಲ ತಯಾರು. ಹಳೆಯ ದನಿಗಳನ್ನು ಎರಡು ನಿಮಿಷ ಕೇಳಿಸೋಣ ಅಂತ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಹೇಳಿಬಿಟ್ಟಳು. ಎಲ್ಲರೂ ಅವಳ ಮುಖ ನೋಡಿದರು. ಕೊನೆಗೆ ಒಂದು ಪ್ರಕಟಣೆ: ನಮ್ಮ ಹಳೆಯ ಕಾರ್ಯಕ್ರಮಗಳ ಧ್ವನಿಮುದ್ರಣ ಕೇಳುಗರ ಬಳಿ ಇದ್ದರೆ ದಯವಿಟ್ಟು ತಲುಪಿಸಿ. ನಿವೃತ್ತ ಮೇಷ್ಟ್ರೊಬ್ಬರು ಬಟ್ಟೆ ಚೀಲದಲ್ಲಿ ಕ್ಯಾಸೆಟ್ಟು ತುಂಬಿಕೊಂಡು ಬಂದರು. ರೇಡಿಯೊ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು. ವಾರ್ತೆಯ ಮಧ್ಯೆ ಕುಕ್ಕರ್ ಕೂಗುತ್ತದೆ. ಜಲಾಶಯದ ಮಟ್ಟ ಹೇಳುವಾಗ ಯಾರೋ 'ಊಟಕ್ಕೆ ಬನ್ರೋ' ಅನ್ನುತ್ತಾರೆ.

"ಕೂತ್ಕೊಳ್ಳಿ ಮೇಷ್ಟ್ರೇ. ಇದನ್ನ ರೆಕಾರ್ಡ್ ಮಾಡೋವಾಗ ನಿಮ್ಮ ರೇಡಿಯೊಗೆ ಲೈಸೆನ್ಸ್ ಇತ್ತಾ?"

"ಇತ್ತು ಸಾರ್. ಪೋಸ್ಟ್ ಆಫೀಸಲ್ಲಿ ವರ್ಷಾ ವರ್ಷಾ ದುಡ್ಡು ಕಟ್ತಿದ್ದೆ. ಪುಸ್ತಕ ತಂದಿದೀನಿ."

"ಅದನ್ನ ಕೊಡಿ, ಅದು ಮುಖ್ಯ. ಮತ್ತೆ, ರೆಕಾರ್ಡ್ ಮಾಡೋಕೆ ನಮ್ಮಿಂದ ಅನುಮತಿ ಪತ್ರ?"

"ಇಲ್ಲ ಸಾರ್. ಚೆನ್ನಾಗಿ ಓದ್ತಿದ್ರು, ಅದಕ್ಕೆ ಸುಮ್ನೆ..."

"ಸುಮ್ನೆ ಅಂತ ಬರೆಯೋಕೆ ಬರಲ್ಲ ಮೇಷ್ಟ್ರೇ. ಕಾಲಮ್ ಇಲ್ಲ. ಹೋಗ್ಲಿ, ದಾನ ಅಂತ ಬರ್ಕೊಂಡು ಇನ್‌ವರ್ಡ್ ಮಾಡ್ತೀವಿ. ನಂಬರ್ ಬೀಳತ್ತೆ, ರಸೀದಿ ಕೊಡ್ತೀವಿ, ಮೂರು ಪ್ರತಿ."

"ಒಂದ್ಸಲ ಹಾಕಿ ಕೇಳಿ ಸಾರ್."

"ಪ್ಲೇಯರ್ ಇಲ್ಲ. ಟೆಂಡರ್ ಕರೆದಿದ್ವಿ, ಯಾರೂ ಬರ್ಲಿಲ್ಲ."

ಮೇಷ್ಟ್ರು ರಸೀದಿ ಮಡಿಚಿ ಜೇಬಿಗಿಟ್ಟುಕೊಂಡು ಬಾಗಿಲ ತನಕ ಹೋಗಿದ್ದರು. ಹಿಂದಿನಿಂದ ಕರೆ ಬಂತು.

"ಮೇಷ್ಟ್ರೇ, ಒಂದ್ನಿಮಿಷ. ಇದರಲ್ಲಿ ಬಿ ಸೈಡ್ ಖಾಲಿ ಇದೆಯಾ? ನಾಳೆ ಮಂತ್ರಿಗಳ ಭಾಷಣ ಹಿಡ್ಕೋಬೇಕಿತ್ತು."

"ಇಲ್ಲ ಸಾರ್, ಎರಡೂ ಕಡೆ ತುಂಬಿದೆ."

"ಪರವಾಗಿಲ್ಲ ಬಿಡಿ. ಅಡ್ಜಸ್ಟ್ ಮಾಡ್ಕೋತೀವಿ."